ಇಪ್ಪತ್ನಾಲ್ಕು ಅಂದರೆ ಓ ಅಂದವರು ಯಾರು?

"ಭಾಗ್ಯ, ನೀನ್ ಆನ್ ಮಾಡಿದ್ಯಾ?"

ಎದುರು ಸಾಲಿನಿಂದ ಲಿಖಿತಾಳ ದನಿ ಬಂತು. ಭಾಗ್ಯಜ್ಯೋತಿಯ ಬೆರಳು ಇನ್ನೂ ಸ್ವಿಚ್ಚಿನ ಮೇಲೇ ಇತ್ತು.

"ಹೂಂ. ಯಾಕೆ?"

"ಯಾಕೆ ಅಂದ್ರೆ? ನಂದು ಹೋಯ್ತು. ಮತ್ತೆ ಹೋಯ್ತು. ಮಿಸ್, ಇವಳು ಆನ್ ಮಾಡಿದ ತಕ್ಷಣ ನಂದು ಹೋಗುತ್ತೆ ಮಿಸ್."

ಲ್ಯಾಬಿನಲ್ಲಿದ್ದ ಉಳಿದ ಹದಿನೆಂಟು ತಲೆಗಳೂ ಒಟ್ಟಿಗೆ ಭಾಗ್ಯಳ ಕಡೆ ತಿರುಗಿದವು. ಅವಳು ಮಾತ್ರ ಯಾರನ್ನೂ ನೋಡಲಿಲ್ಲ. ಅವಳ ಕಣ್ಣು ಪರದೆಯ ಮೇಲಿತ್ತು. ಅಲ್ಲಿ ಬೂದು ಬಣ್ಣದ ಒಂದು ಚಿಕ್ಕ ನೋಟೀಸು ಬಂದಿತ್ತು. ಅದರಲ್ಲಿ ಇಂಗ್ಲಿಷಿನಲ್ಲಿ ಒಂದೇ ಒಂದು ಸಾಲು. ಎರಡು ಸೆಕೆಂಡು ಇದ್ದು ಮಾಯವಾಗುವ ಸಾಲು.

ಹೋದ ಸಲ ಅವಳು ಮೊದಲ ಪದ ಓದಿದ್ದಳು. ಈ ಸಲ ಜಾಣತನ ಮಾಡಿ ನೇರವಾಗಿ ಕೊನೆಯ ಪದಕ್ಕೆ ಕಣ್ಣು ಹಾಕಿದಳು. ಅಷ್ಟರಲ್ಲಿ ಪರದೆ ಕಪ್ಪಾಯಿತು. ಭಾಗ್ಯ ರಫ್ ಬುಕ್ಕಿನ ಹಿಂದಿನ ಪುಟ ತೆಗೆದು ಬರೆದುಕೊಂಡಳು. 'ಅನದರ್' ಅಂತ ಮೊದಲೇ ಇತ್ತು. ಆಮೇಲೆ ಉದ್ದಕ್ಕೆ ಚುಕ್ಕಿ. ಚುಕ್ಕಿಗಳ ಕೊನೆಗೆ ಈಗ 'ಅಡ್ರೆಸ್' ಎಂದು ಸೇರಿಸಿದಳು.

"ನೋಡಿ ಮಿಸ್, ನಾನ್ ಹೇಳ್ತಾ ಇದ್ರೆ ಅವಳು ಏನೋ ಬರ್ಕೊಳ್ತಾ ಇದಾಳೆ," ಎಂದಳು ಲಿಖಿತಾ.

ತಿಲಕ್ ನಗರದ ಆ ಶಾಲೆಗೆ ಕಂಪ್ಯೂಟರ್ ಲ್ಯಾಬ್ ಬಂದು ಒಂದು ತಿಂಗಳಾಗಿತ್ತು. ಲ್ಯಾಬ್ ಎಂದು ಹೆಸರೇನೋ ದೊಡ್ಡದು, ನಿಜವಾದ ಕಂಪ್ಯೂಟರ್ ಇದ್ದದ್ದು ಒಂದೇ. ಅದು ಮೂಲೆಯ ಗಾಜಿನ ಬೀರುವಿನೊಳಗೆ ಗುಂಯ್ ಎನ್ನುತ್ತಾ ಕೂತಿರುತ್ತಿತ್ತು. ಮಕ್ಕಳ ಮುಂದೆ ಇದ್ದದ್ದು ಒಂದೊಂದು ಪರದೆ, ಒಂದು ಕೀಬೋರ್ಡು, ಒಂದು ಮೌಸು, ಮತ್ತೆ ಟಿಫನ್ ಬಾಕ್ಸಿನಷ್ಟೇ ದೊಡ್ಡದಾದ ಒಂದು ಕಪ್ಪು ಡಬ್ಬಿ. ಪ್ರತಿ ಡಬ್ಬಿಯಿಂದಲೂ ಒಂದು ನೀಲಿ ವೈರು ಗೋಡೆಯುದ್ದಕ್ಕೂ ಓಡಿ ಬೀರುವಿನೊಳಗೆ ಹೋಗುತ್ತಿತ್ತು.

"ಈ ಡಬ್ಬಿಗೆ ಕಣ್ಣು ಬಾಯಿ ಇದೆ, ತಲೆ ಇಲ್ಲ," ಎಂದು ಅಲಮೇಲು ಮಿಸ್ ಮೊದಲ ದಿನವೇ ಹೇಳಿದ್ದರು. "ತಲೆ ಬೀರು ಒಳಗಿದೆ. ನೀವು ಇಲ್ಲಿ ಚಿತ್ರ ಬರೆದ್ರೆ ಅದು ಅಲ್ಲಿ ಬರೆದ ಹಾಗೆ. ನಿಮಗೆ ಇಲ್ಲಿ ಕಾಣುತ್ತೆ, ಅಷ್ಟೇ."

ಯಾವುದೋ ಆಫೀಸಿನವರು ತಮಗೆ ಹಳೆಯದಾದ ಇಪ್ಪತ್ತು ಡಬ್ಬಿಗಳನ್ನು ಶಾಲೆಗೆ ಕೊಟ್ಟಿದ್ದರು. ಅವುಗಳ ನೆತ್ತಿಯ ಮೇಲೆ ಇಪ್ಪತ್ತೊಂದರಿಂದ ನಲವತ್ತರವರೆಗೆ ಹಳದಿ ಸ್ಟಿಕ್ಕರ್ ಅಂಟಿಸಿತ್ತು. ಐದನೇ ತರಗತಿಯಲ್ಲಿ ಆಗ ಹತ್ತೊಂಬತ್ತು ಮಕ್ಕಳು. ಇಪ್ಪತ್ನಾಲ್ಕನೇ ಡಬ್ಬಿಯ ಮುಂದೆ ಯಾರೂ ಕೂರುತ್ತಿರಲಿಲ್ಲ. ಕೊಪ್ಪಳದಿಂದ ಭಾಗ್ಯ ಬಂದು ಸೇರಿದ ಮೇಲೆ ಆ ಜಾಗ ಅವಳದಾಯಿತು. ಲಿಖಿತಾಳ ಮೂವತ್ತೊಂದನೇ ಡಬ್ಬಿಗೆ ಕಾಯಿಲೆ ಶುರುವಾದದ್ದೂ ಅಂದಿನಿಂದಲೇ.

ಅಲಮೇಲು ಮಿಸ್ ಬಂದು ಭಾಗ್ಯಳ ಡಬ್ಬಿಯನ್ನು ಎತ್ತಿ, ತಿರುಗಿಸಿ, ಕಿವಿಯ ಹತ್ತಿರ ಇಟ್ಟು ಒಂದು ಸಲ ಅಲ್ಲಾಡಿಸಿದರು. ತೆಂಗಿನಕಾಯಿ ಕೊಳ್ಳುವವರೂ ಹೀಗೇ ಮಾಡುತ್ತಾರೆ.

"ನೀನ್ ಬರೋವರೆಗೂ ಎಲ್ಲಾ ಚೆನ್ನಾಗೇ ಇತ್ತು," ಎಂದರು. ಬೈಯಲಿಲ್ಲ, ಸುಮ್ಮನೆ ಹೇಳಿದರು. "ಇದೇ ಕೆಟ್ಟಿರ್ಬೇಕು. ಶುಕ್ರವಾರ ಲ್ಯಾಬ್ ಜೋಡಿಸಿಕೊಟ್ಟ ಶಿವರಾಜ್ ಸಾರ್ ಬರ್ತಾರೆ, ತಗೊಂಡು ಹೋಗ್ಲಿ. ಅಲ್ಲೀವರೆಗೂ ನೀನು ಆನ್ ಮಾಡ್ಬೇಡ."

"ಆಮೇಲೆ ನಾನು ಎಲ್ಲಿ ಕೂತ್ಕೊಳ್ಳಲಿ ಮಿಸ್?"

"ಈ ಪೀರಿಯಡ್ಡು ನೀನು ಲೈಬ್ರರಿಗೆ ಹೋಗಮ್ಮ. ಬೇರೆ ಡಬ್ಬಿ ಎಲ್ಲಿಂದ ತರ್ಲಿ? ಅವರು ಕೊಟ್ಟಿದ್ದೇ ಇಪ್ಪತ್ತು."

ಲೈಬ್ರರಿ ಎಂದರೆ ಅದೂ ಒಂದು ಬೀರುವೇ. ಅದರ ಬೀಗದ ಕೈ ಹೆಡ್‌ಮೇಡಂ ಹತ್ತಿರ, ಹೆಡ್‌ಮೇಡಂ ಯಾವಾಗಲೂ ಮೀಟಿಂಗಿನಲ್ಲಿ. ಭಾಗ್ಯ ರಫ್ ಬುಕ್ಕು ಮುಚ್ಚಿದಳು. ಇಡೀ ವಾರದಲ್ಲಿ ಅವಳು ಬೆರಳು ಮಡಚಿ ಕಾಯುತ್ತಿದ್ದದ್ದು ಈ ಎರಡು ಪೀರಿಯಡ್ಡುಗಳಿಗೆ. ಇಲ್ಲಿ ಮೌಸು ಅಲ್ಲಾಡಿಸಿದರೆ ಅಲ್ಲಿ ಬೀರುವಿನೊಳಗೆ ಹೇಗೆ ಗೊತ್ತಾಗುತ್ತದೆ ಎಂಬುದೇ ಅವಳಿಗೆ ಇನ್ನೂ ಬಗೆಹರಿದಿರಲಿಲ್ಲ. ಅದು ಬಗೆಹರಿಯುವ ಮೊದಲೇ ಜಾಗ ಹೋಗುತ್ತದೆ.

ಲಿಖಿತಾ ಅವಳ ಬೆಂಚಿನ ಹತ್ತಿರ ಬಂದು ಮೆಲ್ಲಗೆ ಹೇಳಿದಳು. "ನನ್ ಚಿತ್ರ ಆನ್ಯುಯಲ್ ಡೇ ಕಾರ್ಡಿಗೆ ಆರಿಸಿದಾರೆ ಅಂತ ನಿನಗೆ ಹೊಟ್ಟೆಕಿಚ್ಚು. ಅದಕ್ಕೇ ಮಾಡ್ತಿದ್ದೀಯ. ಶನಿವಾರ ಕೊಡ್ಬೇಕು, ಚಿತ್ರದ ಯಡಿಯೂರು ಕೆರೇಲಿ ನೀರೇ ಬಂದಿಲ್ಲ ಇನ್ನೂ. ನಾನು ಠೂ ನಿನ್ ಜೊತೆ."

ಹೆಬ್ಬೆರಳನ್ನು ಗಲ್ಲಕ್ಕೆ ತಾಗಿಸಿ ಠೂ ಬಿಟ್ಟೇಬಿಟ್ಟಳು. ಈ ಶಾಲೆಯಲ್ಲಿ ಭಾಗ್ಯಳ ಕಡಕ್ ರೊಟ್ಟಿಯನ್ನು ಟರ್‌ಟರ್ ಎಂದು ಮುರಿದು ಹಂಚಿಕೊಂಡು ತಿನ್ನುತ್ತಿದ್ದವಳು ಲಿಖಿತಾ ಒಬ್ಬಳೇ. ಆ ಮಧ್ಯಾಹ್ನ ಭಾಗ್ಯ ರೊಟ್ಟಿಯನ್ನು ಸದ್ದಾಗದಂತೆ ತಿಂದಳು. ಕಡಕ್ ರೊಟ್ಟಿಯನ್ನು ಹಾಗೆ ತಿನ್ನುವುದು ಬಹಳ ಕಷ್ಟ.

ಮರುದಿನ ಸಂಜೆ ಭಾಗ್ಯ ಬಾಗಿಲಲ್ಲಿ ಕೂತು ಹೋಮ್‌ವರ್ಕ್ ಮಾಡುತ್ತಿದ್ದಾಗ ಗೇಟು ಕಿರ್ ಎಂದಿತು. ಏಳು ಮನೆ ಆಚೆಯ ಸಿದ್ದಗಂಗಮ್ಮ ಬಂದಿದ್ದರು. ಕೈಯಲ್ಲಿ ಒಂದು ನೀಲಿ ಇನ್‌ಲ್ಯಾಂಡ್ ಲೆಟರ್.

"ಶರಣಮ್ಮನೋರೇ, ನಿಮ್ಮ ಕಾಗದ ನಮ್ಮನೆಗೆ ಬಂದಿದೆ ನೋಡಿ."

ಭಾಗ್ಯಳ ಅಮ್ಮ ಶರಣಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಹೊರಗೆ ಬಂದರು. "ಅಯ್ಯ, ನಮ್ಮ ಅತ್ತಿಯವರು ಬರಸ್ಯಾರ್ರಿ. ನಿಮ್ಮನಿಗೆ ಹೆಂಗ ಬಂತ್ರಿ ಇದು?"

"ದಿನಾ ಪೋಸ್ಟ್ ತರೋ ಮಾರಯ್ಯ ಇದ್ದಿದ್ರೆ ಸರಿಯಾಗ್ ತಂದು ಕೊಡ್ತಿದ್ದ. ಅವನು ಮಗಳ ಮದುವೆಗೆ ರಜ ಹಾಕವ್ನೆ. ಬದಲಿಗೆ ಬಂದಿರೋ ಪೋಸ್ಟ್‌ಮನ್ನು ಪಾಪ, ಇಪ್ಪತ್ನಾಲ್ಕು ಅಂತ ನೋಡ್ದ, ನಮ್ಮನೆಗೆ ಹಾಕ್ದ."

"ನಮ್ಮ ಮನೀನ ಇಪ್ಪತ್ನಾಕು ಅಲ್ಲೇನ್ರಿ ಆಂಟಿ?" ಎಂದು ಕೇಳಿದಳು ಭಾಗ್ಯ.

ಸಿದ್ದಗಂಗಮ್ಮ ಅವಳ ಗಲ್ಲ ಹಿಡಿದು ಗೇಟಿನ ಕಂಬದ ಕಡೆ ತಿರುಗಿಸಿದರು. "ಓದು."

ದಿನಾ ನೋಡುವ ಕಂಬವೇ. ಆದರೆ ಓದಿರಲಿಲ್ಲ. 'ಹಳೇ ನಂ. 24' ಎಂದು ಮಾಸಿದ ನೀಲಿ ಬಣ್ಣದಲ್ಲಿತ್ತು. ಅದರ ಕೆಳಗೆ ಕೆಂಪಿನಲ್ಲಿ 'ಹೊಸ ನಂ. 31'.

"ನಮ್ದು ಹಳೇ ಹದಿನೇಳು, ಹೊಸ ಇಪ್ಪತ್ನಾಲ್ಕು," ಎಂದರು ಸಿದ್ದಗಂಗಮ್ಮ. "ನಂಬರ್ ಬದಲಾಯಿಸಿ ಎಷ್ಟೋ ವರ್ಷ ಆಯ್ತು. ಬೀದೀಲಿ ಅರ್ಧ ಜನ ಇನ್ನೂ ಹಳೇದೇ ಹೇಳ್ತಾರೆ."

"ಹಂಗಾರ ಇಪ್ಪತ್ನಾಕು ಈಗ ಯಾರದು?"

"ಈಗ ನಮ್ದು. ಮುಂಚೆ ನಿಮ್ದು. ಕಾಗದಕ್ಕೆ ಅದೆಲ್ಲ ಹೆಂಗೆ ಗೊತ್ತಾಗ್ಬೇಕು ಹೇಳು."

ಅಮ್ಮನ ಮುಖ ಚಿಕ್ಕದಾಯಿತು. "ತಪ್ಪು ನಮ್ಮದರಿ. ಮನಿ ಹಿಡಿದಾಗ ಹಳೇ ನಂಬರ್ ಹೇಳಿದ್ರು, ಊರಿಗೂ ಅದನ್ನ ಕೊಟ್ಟೇವಿ. ನಿಮಗ ಸುಮ್ನ ತ್ರಾಸ ಆತು."

"ಇದರಲ್ಲಿ ತಪ್ಪೇನು ಬಂತು? ಗೋಡೆ ಮೇಲೆ ಎರಡೂ ಬರೆದವ್ರೆ, ನೀವು ಮೊದಲನೇದು ಓದಿದ್ರಿ. ನಾನು ಹೆಸರು ನೋಡ್ದೆ, ನಿಮ್ಮ ಹೆಸರಿತ್ತು, ಹಿಂದೆ ರೇಣುಕವ್ವ, ಕೊಪ್ಪಳ ಅಂತ ಇತ್ತು, ತಂದ್ಕೊಟ್ಟೆ. ಓದಿ ಹೇಳಿ ಮತ್ತೆ, ಅತ್ತೆ ಏನ್ ಬರೆಸವ್ರೆ?" ಎಂದು ಅವರು ಕಟ್ಟೆಯ ಮೇಲೆ ಕೂತೇಬಿಟ್ಟರು. ಅಮ್ಮ ಚಹಾ ಇಡಲು ಒಳಗೆ ಓಡಿದರು.

ಭಾಗ್ಯ ಬೀದಿಗಿಳಿದಳು. ಮೊದಲ ಮನೆಯಿಂದ ಕೊನೆಯ ಮನೆಯವರೆಗೆ ಪ್ರತಿ ಕಂಬವನ್ನೂ ಓದಿದಳು. ಒಂದು ಮನೆಗೆ ಹೊಸ ನಂಬರು ಮಾತ್ರ ಇತ್ತು. ಒಂದಕ್ಕೆ ಹಳೆಯದು ಮಾತ್ರ ಇತ್ತು, ಆ ಮನೆಯವರು ಹೊಸದನ್ನು ಬರೆಸಿರಲೇ ಇಲ್ಲ. ಅಲ್ಲಿ ಅವಳು ನಿಂತುಬಿಟ್ಟಳು. ಹೊರಗೆ ಹಳೆಯದಿದ್ದು ಒಳಗಿನವರು ಹೊಸದು ಹೇಳಿದರೆ? ಹೊರಗೆ ಹೊಸದಿದ್ದು ಒಳಗಿನವರು ಹಳೆಯದನ್ನೇ ಹೇಳುತ್ತಿದ್ದರೆ?

ಅವಳ ರಫ್ ಬುಕ್ಕಿನ ಕೊನೆಯ ಪದ ನೆನಪಾಯಿತು. ಅಡ್ರೆಸ್.

ಗುರುವಾರ ಊಟದ ಬೆಲ್ಲಾದಾಗ ಭಾಗ್ಯ ನೇರವಾಗಿ ಲಿಖಿತಾಳ ಮುಂದೆ ಹೋಗಿ ನಿಂತಳು.

"ನಾನು ಠೂ ಬಿಟ್ಟಿದೀನಿ," ಎಂದು ಲಿಖಿತಾ ಚಿತ್ರಾನ್ನಕ್ಕೆ ಹೇಳಿದಳು.

"ಗೊತ್ತು. ಮಾತಾಡ್ಬೇಡ. ಒಂದೇ ಒಂದು ಕೇಳ್ತೀನಿ. ನಿನ್ನ ಪರದೆ ಹೋಗೋ ಮುಂಚೆ ಬೂದು ಕಲರ್ ನೋಟೀಸ್ ಬರುತ್ತಾ?"

ಲಿಖಿತಾ ಕತ್ತೆತ್ತಿದಳು. "ನಿನಗೆ ಹೇಗೆ ಗೊತ್ತು?"

"ನನಗೂ ಬರುತ್ತೆ. ನಿಂದರಲ್ಲಿ ಏನು ಬರೆದಿರುತ್ತೆ?"

"ಪೂರ್ತಿ ಎಲ್ಲಿ ಓದೋಕೆ ಬಿಡುತ್ತೆ ಅದು? ಮಧ್ಯದ್ದು ಮಾತ್ರ ನೋಡಿದೀನಿ. 'ಯೂಸಿಂಗ್ ದಿಸ್' ಅಂತ."

ಭಾಗ್ಯ ರಫ್ ಬುಕ್ಕು ತೆಗೆದು ಚುಕ್ಕಿಗಳ ಮೇಲೆ ಬರೆದಳು. ನಡುವೆ ಇನ್ನೂ ಸ್ವಲ್ಪ ಚುಕ್ಕಿ ಉಳಿಯಿತು. ಆದರೂ ಇಬ್ಬರಿಗೂ ಓದಲು ಬಂತು. ಅನದರ್, ಏನೋ ಏನೋ, ಯೂಸಿಂಗ್ ದಿಸ್ ಅಡ್ರೆಸ್.

"ಬೇರೆ ಯಾರೋ ಈ ಅಡ್ರೆಸ್ ಯೂಸ್ ಮಾಡ್ತಾ ಇದಾರೆ ಅಂತ," ಎಂದಳು ಲಿಖಿತಾ. ಆಮೇಲೆ ಭಾಗ್ಯಳ ಕಡೆ ಬೆರಳು ತೋರಿಸಿದಳು. "ನೀನೇ ಅದು."

"ನನಗೂ ಅದೇ ನೋಟೀಸು ಬರೋದು. ನಂದರಲ್ಲಿ ಬೇರೆ ಯಾರೋ ಅಂದ್ರೆ ನೀನು."

"ನಾನ್ಯಾಕೆ ನಿನ್ ಅಡ್ರೆಸ್ ತಗೊಳ್ಳಲಿ? ನಿಂದು ಇಪ್ಪತ್ನಾಲ್ಕು, ನಂದು ಮೂವತ್ತೊಂದು. ಸ್ಟಿಕ್ಕರ್ ಇದೆ." ಲಿಖಿತಾಗೆ ತಾನು ಠೂ ಬಿಟ್ಟದ್ದು ಆಗ ನೆನಪಾಯಿತು. ಬಾಯಿ ಮುಚ್ಚಿಕೊಂಡು ಮುಖ ಊದಿಸಿಕೊಂಡು ಅತ್ತ ತಿರುಗಿದಳು.

ಶುಕ್ರವಾರ ಕೊನೆಯ ಪೀರಿಯಡ್ಡಿಗೆ ಮಕ್ಕಳು ಲ್ಯಾಬಿಗೆ ಹೋದಾಗ ಶಿವರಾಜ್ ಸಾರ್ ಆಗಲೇ ಬಂದು ಇಪ್ಪತ್ನಾಲ್ಕನೇ ಡಬ್ಬಿಯ ಮುಂದೆ ಕೂತಿದ್ದರು. ಜೇಬಿನಲ್ಲಿ ಸ್ಕ್ರೂಡ್ರೈವರ್, ಹೆಗಲಲ್ಲಿ ಬ್ಯಾಗು. ಉಳಿದ ಡಬ್ಬಿಗಳು ಇನ್ನೂ ಆಫ್ ಆಗಿದ್ದವು, ಅದರ ಪರದೆಯ ಮೇಲೆ ಎಲ್ಲವೂ ಸೊಗಸಾಗಿ ತೆರೆದುಕೊಂಡಿತ್ತು.

"ಮೇಡಂ, ಇದು ಚೆನ್ನಾಗೇ ಇದೆಯಲ್ಲ."

"ನಿಮ್ಮನ್ನ ನೋಡಿ ಹೆದರಿಕೊಂಡಿರುತ್ತೆ," ಎಂದರು ಅಲಮೇಲು ಮಿಸ್. "ನೀವು ಹೋದ ಮೇಲೆ ಮತ್ತೆ ಕೈ ಕೊಡುತ್ತೆ. ತಗೊಂಡು ಹೋಗಿ ಸಾರ್, ಆ ಮಗು ಚಿತ್ರ ನಾಳೆ ಕೊಡ್ಬೇಕು."

ಶಿವರಾಜ್ ಸಾರ್ ಭುಜ ಕುಣಿಸಿ ನೀಲಿ ವೈರು ಕಿತ್ತರು. ಡಬ್ಬಿ ಬ್ಯಾಗಿನೊಳಗೆ ಹೋಯಿತು. ಉಳಿದವರೆಲ್ಲ ತಮ್ಮ ತಮ್ಮ ಜಾಗದಲ್ಲಿ ಕೂತು ಸ್ವಿಚ್ಚು ಒತ್ತಿದರು. ಭಾಗ್ಯ ಖಾಲಿ ಮೇಜಿನ ಮುಂದೆ ನಿಂತಿದ್ದಳು. ಅಳು ತುಟಿಯವರೆಗೆ ಬಂದಿತ್ತು, ಅದರ ಹಿಂದೆಯೇ ಪ್ರಶ್ನೆಯೂ ಬಂದಿತ್ತು. ಪ್ರಶ್ನೆಯೇ ಮೊದಲು ಹೊರಗೆ ಬಿತ್ತು.

"ಸಾರ್, ಡಬ್ಬಿಗೆ ಅಡ್ರೆಸ್ ಇರುತ್ತಾ?"

"ಇರುತ್ತೆ. ಬೀರುವಿಂದ ಚಿತ್ರ ಹೊರಟ್ರೆ ಯಾವ ಡಬ್ಬಿಗೆ ಹೋಗ್ಬೇಕು ಅಂತ ಗೊತ್ತಾಗ್ಬೇಡ್ವಾ? ನಾವು ತಿಲಕ್ ನಗರ, ಇಷ್ಟನೇ ಮೇನು, ಇಷ್ಟನೇ ಕ್ರಾಸು ಅಂತ ಬರೆಯಲ್ವಾ, ಹಾಗೇ ನಾಲ್ಕು ನಂಬರ್ ಇರುತ್ತೆ. ಮೊದಲ ಮೂರು ಎಲ್ಲಾರಿಗೂ ಒಂದೇ. ಕೊನೇದು ಮನೆ ನಂಬರ್ ಇದ್ದ ಹಾಗೆ, ಒಬ್ಬೊಬ್ಬರಿಗೆ ಒಂದೊಂದು."

"ಅದು ಸ್ಟಿಕ್ಕರಲ್ಲಿ ಇರುತ್ತಾ, ಒಳಗೆ ಇರುತ್ತಾ?"

"ಸ್ಟಿಕ್ಕರ್ ನಿಮಗೆ ಕಾಣ್ಲಿ ಅಂತ. ಅಸಲು ನಂಬರ್ ಒಳಗೆ ಬರೆದಿರುತ್ತೆ."

"ಮುಂಚೆ ಇವು ಆಫೀಸಲ್ಲಿ ಇದ್ವಲ್ಲ ಸಾರ್, ಅಲ್ಲಿಯ ಹಳೇ ನಂಬರ್ ಯಾವುದಾದ್ರೂ ಡಬ್ಬಿ ಒಳಗೇ ಉಳ್ಕೊಂಡಿದ್ರೆ?"

ಬ್ಯಾಗಿನ ಜಿಪ್ಪು ಅರ್ಧಕ್ಕೆ ನಿಂತಿತು. ಶಿವರಾಜ್ ಸಾರ್ ಭಾಗ್ಯಳನ್ನು ನೋಡಿದರು, ಆಮೇಲೆ ಬ್ಯಾಗನ್ನು ನೋಡಿದರು. ಬೀರುವಿನ ಹತ್ತಿರ ಹೋಗಿ ಅಲ್ಲಿದ್ದ ಕೀಬೋರ್ಡು ಎಳೆದುಕೊಂಡರು.

"ಎಲ್ಲಾ ಇಲ್ಲಿ ಬನ್ನಿ. ಡಬ್ಬಿ ಆಫ್ ಮಾಡ್ಬೇಡಿ. ನಾನೀಗ ಇಲ್ಲಿಂದ ಇಪ್ಪತ್ನಾಲ್ಕನ್ನ ಕೂಗ್ತೀನಿ. ಇದಕ್ಕೆ ಪಿಂಗ್ ಮಾಡೋದು ಅಂತಾರೆ. ಅಟೆಂಡೆನ್ಸ್ ಕೂಗಿದ ಹಾಗೆ. ಇಪ್ಪತ್ನಾಲ್ಕು ಕ್ಲಾಸಲ್ಲಿದ್ರೆ ಓ ಅನ್ನುತ್ತೆ. ಇಲ್ದಿದ್ರೆ ಸುಮ್ನಿರುತ್ತೆ. ಈಗ ಇಪ್ಪತ್ನಾಲ್ಕು ಎಲ್ಲಿದೆ?"

"ನಿಮ್ಮ ಬ್ಯಾಗಲ್ಲಿ," ಎಂದರು ಎಲ್ಲರೂ.

"ಹಾಗಾದ್ರೆ ಓ ಅನ್ನಬಾರದು. ಸರೀನಾ?"

ಅವರು ಟೈಪ್ ಮಾಡಿ ಎಂಟರ್ ಒತ್ತಿದರು. ಕಪ್ಪು ಪರದೆಯ ಮೇಲೆ ಬಿಳಿ ಸಾಲು ಬಂತು. ಅದರ ಕೆಳಗೆ ಇನ್ನೊಂದು. ಮತ್ತೊಂದು. ಒಂದೊಂದು ಸೆಕೆಂಡಿಗೆ ಒಂದೊಂದು ಸಾಲು ಇಳಿಯತೊಡಗಿತು.

"ಓ ಅಂತಿದೆ," ಎಂದರು ಶಿವರಾಜ್ ಸಾರ್. ಬ್ಯಾಗನ್ನು ತೆರೆದು ಇಣುಕಿ ನೋಡಿದರು. ಡಬ್ಬಿ ತೆಪ್ಪಗೆ ಮಲಗಿತ್ತು.

"ಪ್ರಾಕ್ಸಿ, ಅದರ ಬದಲು ಬೇರೆ ಯಾರೋ ಓ ಅಂತಿದಾರೆ," ಎಂದು ಹಿಂದಿನಿಂದ ಮೌನೇಶ ಪಿಸುಗುಟ್ಟಿದ. ಹೆಸರು ಮೌನೇಶ, ತರಗತಿಯಲ್ಲಿ ಅವನಷ್ಟು ಮಾತಾಡುವವರು ಯಾರೂ ಇರಲಿಲ್ಲ. ಮಕ್ಕಳು ಕಿಸಕ್ಕನೆ ನಕ್ಕರು. ಅಲಮೇಲು ಮಿಸ್ ಕೂಡ ಕನ್ನಡಕ ಸರಿಮಾಡಿಕೊಂಡು ಮುಂದೆ ಬಂದರು.

"ಇಪ್ಪತ್ನಾಲ್ಕು ಬ್ಯಾಗಲ್ಲಿದೆ. ಇಪ್ಪತ್ನಾಲ್ಕು ಅಂದ್ರೆ ಓ ಅಂತಿರೋದು ಯಾರು?" ಎಂದರು ಶಿವರಾಜ್ ಸಾರ್. "ಒಬ್ಬೊಬ್ಬರಾಗಿ ಹೋಗಿ ಡಬ್ಬಿ ಆಫ್ ಮಾಡಿ. ಇಪ್ಪತ್ತೊಂದು."

ಇಪ್ಪತ್ತೊಂದು ಆಫಾಯಿತು. ಸಾಲು ಇಳಿಯುತ್ತಲೇ ಇತ್ತು. ಇಪ್ಪತ್ತೆರಡು. ಇಪ್ಪತ್ಮೂರು. ಇಪ್ಪತ್ತೈದು. ಓ, ಓ, ಓ. ಮೂವತ್ತರವರೆಗೂ ಏನೂ ಆಗಲಿಲ್ಲ.

"ಮೂವತ್ತೊಂದು."

ಲಿಖಿತಾ ಹೋಗಿ ಸ್ವಿಚ್ಚು ಒತ್ತಿದಳು. ಸಾಲು ನಿಂತುಹೋಯಿತು.

ಮೊದಲು ಬಾಯಿ ಬಿಟ್ಟವನು ಮೌನೇಶ. "ಅಂದ್ರೆ ಭಾಗ್ಯಂದು ಅಲ್ಲ, ಕೆಟ್ಟಿದ್ದು ಲಿಖಿತಾಂದು. ಸುಮ್ ಸುಮ್ನೆ ಭಾಗ್ಯಂಗೆ ಹೇಳಿದ್ಲು."

ಹತ್ತೊಂಬತ್ತು ಜನ ಈಗ ಲಿಖಿತಾಳನ್ನು ನೋಡಿದರು. ಅವಳ ಮುಖ ಕೆಂಪಾಗಿತ್ತು, ಕೈ ಇನ್ನೂ ಸ್ವಿಚ್ಚಿನ ಮೇಲೇ ಇತ್ತು. ಮಂಗಳವಾರ ತನ್ನ ಕೈಯೂ ಹಾಗೇ ಸ್ವಿಚ್ಚಿನ ಮೇಲಿತ್ತು ಎಂದು ಭಾಗ್ಯಳಿಗೆ ನೆನಪಾಯಿತು. ಈ ಗಳಿಗೆಗಾಗಿ ಅವಳು ಮೂರು ದಿನ ಕಾದಿದ್ದಳು. ಆಗ ಏನೇನು ಹೇಳಬೇಕು ಎಂದು ಮನಸ್ಸಿನಲ್ಲೇ ಕಂಠಪಾಠ ಮಾಡಿಕೊಂಡಿದ್ದಳು. ಈಗ ಅದೊಂದೂ ಬಾಯಿಗೆ ಬರಲಿಲ್ಲ. ಗೇಟಿನ ಹತ್ತಿರ ಚಿಕ್ಕದಾಗಿದ್ದ ಅಮ್ಮನ ಮುಖ ಕಣ್ಣ ಮುಂದೆ ಬಂತು.

"ಕೆಟ್ಟಿಲ್ಲ," ಎಂದಳು ಭಾಗ್ಯ. "ಹಳೇ ನಂಬರ್ ಹೇಳ್ತಿದೆ, ಅಷ್ಟೇ. ನಮ್ಮನೆದೂ ಹಂಗೇ. ನಮ್ಮ ಕಾಗದ ಇನ್ನೊಬ್ಬರ ಮನೆಗೆ ಹೋಗುತ್ತೆ."

ಶಿವರಾಜ್ ಸಾರ್ ತಲೆ ಕೆರೆದುಕೊಂಡರು. "ತಪ್ಪು ನಂದೇ ಮೇಡಂ. ಮೊದಲ ದಿನ ಸ್ಟಿಕ್ಕರೆಲ್ಲಾ ಅಂಟಿಸಿಬಿಟ್ಟೆ. ಆಮೇಲೆ ಒಂದೊಂದೇ ಡಬ್ಬಿ ಒಳಗಿನ ನಂಬರ್ ಬದಲಾಯಿಸ್ತಾ ಬಂದೆ. ಮೂವತ್ತೊಂದಕ್ಕೆ ಬಂದಾಗ ಕರೆಂಟ್ ಹೋಯ್ತು, ನೆನಪಿದೆಯಾ? ಕರೆಂಟ್ ಬಂದ ಮೇಲೆ ಮೂವತ್ತೆರಡರಿಂದ ಶುರು ಮಾಡಿದೆ ಅಂತ ಕಾಣುತ್ತೆ. ಇದರ ಆಫೀಸ್ ನಂಬರ್ ಇಪ್ಪತ್ನಾಲ್ಕೇ ಇದ್ದಿರಬೇಕು. ಅದೇ ಉಳ್ಕೊಂಡಿದೆ. ಇಷ್ಟು ದಿನ ಇಪ್ಪತ್ನಾಲ್ಕರಲ್ಲಿ ಯಾರೂ ಇರಲಿಲ್ಲ, ಜಗಳ ಬರಲಿಲ್ಲ."

ಲಿಖಿತಾಳ ಡಬ್ಬಿ ಆನ್ ಮಾಡಿ ಒಳಗಿನ ನಂಬರು ಬದಲಾಯಿಸಲು ಅವರಿಗೆ ಎರಡು ನಿಮಿಷವೂ ಬೇಕಾಗಲಿಲ್ಲ. ಆಮೇಲೆ ಬ್ಯಾಗಿನಿಂದ ಭಾಗ್ಯಳ ಡಬ್ಬಿ ಹೊರಬಂತು. ನೀಲಿ ವೈರನ್ನು ಅವಳ ಕೈಗೇ ಕೊಟ್ಟರು.

"ನೀನೇ ಹಾಕು. ಟಕ್ ಅನ್ನೋವರೆಗೂ ಒತ್ತು."

ಟಕ್ ಎಂದಿತು.

"ಒಟ್ಟಿಗೇ ಆನ್ ಮಾಡಿ ನೋಡೋಣ," ಎಂದರು ಅಲಮೇಲು ಮಿಸ್. ಭಾಗ್ಯ ಇತ್ತ, ಲಿಖಿತಾ ಅತ್ತ. ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡು ಒಟ್ಟಿಗೆ ಒತ್ತಿದರು. ಎರಡೂ ಪರದೆ ಬೆಳಗಿದವು. ನೋಟೀಸು ಬರಲಿಲ್ಲ. ಭಾಗ್ಯಳಿಗೆ ಸಂತೋಷವಾಯಿತು, ಒಂದಿಷ್ಟು ಬೇಜಾರೂ ಆಯಿತು. ಆ ಸಾಲಿನ ಉಳಿದ ಪದವನ್ನು ಇನ್ನು ಓದುವ ಹಾಗಿಲ್ಲ.

ಅತ್ತ ಯಡಿಯೂರು ಕೆರೆ ಬಿಟ್ಟಲ್ಲೇ ಇತ್ತು, ಒಂದು ಗೆರೆಯೂ ಅಳಿಸಿರಲಿಲ್ಲ. ಲಿಖಿತಾ ನೀರು ತುಂಬಲು ಶುರು ಮಾಡಿದಳು. ಸ್ವಲ್ಪ ಹೊತ್ತಾದ ಮೇಲೆ ಪರದೆಯ ಪಕ್ಕದಿಂದ ಕತ್ತು ಚಾಚಿದಳು.

"ನಿಮ್ಮನೆ ಕಾಗದ ನಿಜವಾಗ್ಲೂ ಬೇರೆಯವರ ಮನೆಗೆ ಹೋಗುತ್ತಾ?"

"ಹೂಂ."

"ಅವರು ಬೈಯಲ್ವಾ?"

"ಇಲ್ಲ. ತಂದುಕೊಟ್ರು. ಚಹಾ ಕುಡಿದು ಹೋದ್ರು."

ಲಿಖಿತಾ ಮೌಸನ್ನು ಸುಮ್ಮನೆ ತಿರುಗಿಸಿದಳು. "ನಾಳೆ ರೊಟ್ಟಿ ತರ್ತೀಯಾ?" ಎಂದಳು.

ಆ ಸಂಜೆ ಅಮ್ಮ ಹೇಳಿದಂತೆ ಭಾಗ್ಯ ಅಜ್ಜಿಗೆ ಕಾಗದ ಬರೆದಳು. ಕೊನೆಗೆ ಇನ್‌ಲ್ಯಾಂಡ್ ಮಡಚಿ, ಹಿಂದೆ ತಮ್ಮ ಅಡ್ರೆಸ್ ಬರೆಯುವಾಗ ಎಡಗೈಯಲ್ಲಿ ಕಾಗದವನ್ನು ಗೇಟಿನ ಕಂಬಕ್ಕೆ ಒತ್ತಿ ಹಿಡಿದು ನೋಡಿ ನೋಡಿ ಬರೆದಳು. ಹೊಸ ನಂ. 31. ಬರೆದ ಮೇಲೆ ಪೆನ್ನು ನಿಂತಿತು. ಮೂವತ್ತೊಂದು ಲಿಖಿತಾಳ ಡಬ್ಬಿಯ ನಂಬರು. ಶಾಲೆಯಲ್ಲಿ ತಾನು ಇಪ್ಪತ್ನಾಲ್ಕು, ಇಲ್ಲಿ ಮೂವತ್ತೊಂದು.

"ಅಜ್ಜಿ ಲಕ್ಷ್ಯದಾಗ ಇಟ್ಟಾರೇನ ಈ ಹೊಸ ನಂಬರ್?" ಎಂದು ಅಮ್ಮ ಒಳಗಿನಿಂದ ಕೇಳಿದರು. "ಮತ್ತ ಮರತು ಹಳೇದ ಬರಸ್ಯಾರು."

ಭಾಗ್ಯ ಏಳು ಮನೆ ಆಚೆ ನೋಡಿದಳು. ಸಿದ್ದಗಂಗಮ್ಮ ಬಾಗಿಲಿಗೆ ನೀರು ಹಾಕುತ್ತಿದ್ದರು. ಅವಳನ್ನು ಕಂಡು ಚೊಂಬು ಎತ್ತಿ ಏನೆಂದು ಕೇಳಿದರು. ಏನಿಲ್ಲ ಎಂದು ಭಾಗ್ಯ ತಲೆ ಅಲ್ಲಾಡಿಸಿದಳು.

"ಬರಸಿದ್ರ ಬರಸ್ಲಿ ಬಿಡವ್ವ," ಎಂದಳು. "ಮ್ಯಾಲ ನಮ್ಮ ಹೆಸರಿದ್ರ ಸಾಕು. ಆಂಟಿ ತಂದ ಕೊಡ್ತಾರ."